ಬೊಬ್ಬೆ

ನಮ್ಮ ಭಾಷೆಯಲ್ಲಿ ಬೊಬ್ಬೆ ಎಂಬ ಮಾತಿಗೆ ಎರಡು ಅರ್ಥಗಳುಂಟು. ಗಂಟಲು ಬಿಚ್ಚಿ ಕೂಗುವುದು ಒಂದು ಬೊಬ್ಬೆ. ಕಾಲಿಗೋ ಕೈಗೋ ನೀರು ತುಂಬಿಕೊಂಡು ಏಳುವ ಗುಳ್ಳೆ ಇನ್ನೊಂದು ಬೊಬ್ಬೆ. ಇವೆರಡು ಮಾತುಗಳಿಗೂ ಮೂಲದಲ್ಲಿ ಏನಾದರೂ ನಂಟಿದೆಯೇ ಎಂಬುದನ್ನು ಭಾಷಾಶಾಸ್ತ್ರ ಬಲ್ಲ ನಮ್ಮ ಗುರುಗಳು ಹೇಳಬೇಕು. ನಾನು ಹಿಮದ ಮೇಲೆ ಕಲಿತುಬಂದ ನಂಟು ಒಂದೇ. ಮೊದಲನೆಯ ಬೊಬ್ಬೆಯನ್ನು ಸಕಾಲದಲ್ಲಿ ಹಾಕಿದವನಿಗೆ ಎರಡನೆಯ ಬೊಬ್ಬೆ ಏಳುವುದು ಅಪರೂಪ.

2024ರ ಫೆಬ್ರವರಿಯಲ್ಲಿ ನಾನೂ ನಮ್ಮ ಹಾಸ್ಟೆಲಿನ ಒಬ್ಬ ಗೆಳೆಯನೂ ಮನಾಲಿಯ ಸಮೀಪದ ಸೋಲಂಗ್ ಕಣಿವೆಗೆ ಹೋಗಿ, ಸ್ಕೀ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಮೇಲೆ ನಡೆಯುವುದನ್ನೂ ಜಾರುವುದನ್ನೂ ಕಲಿತು ಬಂದೆವು. ಬಂದ ಮೇಲೆ ಸಂಚಿಕೆಯ ಸಂಪಾದಕರು, “ಹಿಮಾಲಯದ ಸೌಂದರ್ಯವನ್ನು ಕುರಿತು ನಾಲ್ಕು ಪುಟ ಬರೆದುಕೊಡು” ಎಂದು ಕೇಳಿದರು. ಹಿಮಾಲಯದ ಸೌಂದರ್ಯವನ್ನು ಬಣ್ಣಿಸಲು ಕಾಳಿದಾಸನಿಂದ ಮೊದಲ್ಗೊಂಡು ಎಷ್ಟೋ ಮಂದಿ ಮಹಾನುಭಾವರಿದ್ದಾರೆ. ಹಿಮ್ಮಡಿಯ ಬೊಬ್ಬೆಯನ್ನು ಕುರಿತು ಬರೆದವರು ಅಷ್ಟಿಲ್ಲ. ಆ ಬಡ ಹಿಮ್ಮಡಿಯ ಪರವಾಗಿ ಈ ನಾಲ್ಕು ಪುಟಗಳು.

ಸ್ಕೀ ಎಂದರೆ ಗುಡ್ಡದಿಂದ ಸರ್ರೆಂದು ಕೆಳಗೆ ಜಾರುವ ಆಟ ಎಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಜಾರುವುದಕ್ಕೆ ಮೊದಲು ಯಾರಾದರೂ ಹತ್ತಬೇಕಲ್ಲ! ದೊಡ್ಡ ದೊಡ್ಡ ಕ್ರೀಡಾಸ್ಥಳಗಳಲ್ಲಿ ಹತ್ತಿಸುವುದಕ್ಕೆ ತೂಗುಕುರ್ಚಿಯ ಯಂತ್ರಗಳಿವೆ. ಯಂತ್ರವಿಲ್ಲದ ಕಡೆ ಹಲಗೆ ಕಟ್ಟಿಕೊಂಡೇ ಹತ್ತಿ, ಕಣಿವೆಯಿಂದ ಕಣಿವೆಗೆ ದಿನಗಟ್ಟಲೆ ಸಾಗುವುದೇ ಸ್ಕೀ ಪಯಣ. ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಜರ್ಲೆಂಡಿನ ಜರ್ಮಾಟಿನವರೆಗೆ ಇಂಥದೊಂದು ಪ್ರಸಿದ್ಧವಾದ ದಾರಿಯಿದೆ. 1911ರಲ್ಲೇ ಅದನ್ನು ಸ್ಕೀಗಳ ಮೇಲೆ ದಾಟಿದರಂತೆ.

ಹತ್ತುವಾಗ ಹಲಗೆ ಹಿಂದಕ್ಕೆ ಜಾರದಂತೆ ಅದರ ಅಡಿಗೆ ಒಂದು ಪಟ್ಟಿಯನ್ನು ಅಂಟಿಸುತ್ತಾರೆ. ಹಿಂದೆ ಅದು ಸೀಲ್ ಎಂಬ ಕಡಲಪ್ರಾಣಿಯ ಚರ್ಮ. ಈಗ ನೈಲಾನಿನದು, ಇಲ್ಲವೆ ಮೇಕೆಯ ಕೂದಲಿನದು. ಕೂದಲೆಲ್ಲ ಹಿಂದಕ್ಕೆ ಬಾಗಿರುವುದರಿಂದ ಹಲಗೆ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಬಾರದು. ಬೂಟಿನ ಮುಂತುದಿ ಮಾತ್ರ ಹಲಗೆಗೆ ಸಿಕ್ಕಿಕೊಂಡಿರುತ್ತದೆ. ಹಿಮ್ಮಡಿ ಹೆಜ್ಜೆಹೆಜ್ಜೆಗೂ ಬಾಗಿಲಿನ ಕೀಲಿನಂತೆ ಏಳುತ್ತದೆ, ಬೀಳುತ್ತದೆ. ಇಳಿಯುವಾಗ ಹಿಮ್ಮಡಿಯನ್ನೂ ಹಲಗೆಗೆ ಬಿಗಿದುಬಿಡುತ್ತಾರೆ. ಬೂಟಿನ ಹೊರಕವಚ ಗಟ್ಟಿ ಪ್ಲಾಸ್ಟಿಕ್ಕು. ಒಳಗೆ ಮೆತ್ತನೆಯ ಇನ್ನೊಂದು ಬೂಟು. ಅದರೊಳಗೆ ಕಾಲುಚೀಲ, ಅದರೊಳಗೆ ನಾವು ತಾಯಿಯ ಹೊಟ್ಟೆಯಿಂದ ತಂದ ಬಡಪಾಯಿ ಪಾದ. ಗಟ್ಟಿ ಬೂಟು ಏಳುವಾಗ ಒಳಗಿನ ಹಿಮ್ಮಡಿ ಕೂದಲೆಳೆಯಷ್ಟು ಹಿಂದುಳಿಯುತ್ತದೆ. ಕೂದಲೆಳೆಯಷ್ಟು ತಾನೇ ಎನ್ನಬೇಡಿ. ಕಿಲೋಮೀಟರೊಂದಕ್ಕೆ ಸಾವಿರಕ್ಕೂ ಮಿಕ್ಕಿದ ಹೆಜ್ಜೆಗಳು, ದಿನಕ್ಕೆ ಹಲವು ಕಿಲೋಮೀಟರು.

ಬೊಬ್ಬೆ ಎಂದರೆ ಮೇಲಿನ ಉಜ್ಜಾಟದಿಂದ ಆಗುವುದು ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಕೆಲಸ ಕೆಡುವುದು ಒಳಗೆ. ಓದುಗರು ತಮ್ಮ ಎಡಗೈಯ ಹಿಂಬದಿಯ ಮೇಲೆ ಬಲಗೈ ಬೆರಳನ್ನು ಒತ್ತಿಟ್ಟು ಹಿಂದಕ್ಕೂ ಮುಂದಕ್ಕೂ ಆಡಿಸಿ ನೋಡಲಿ. ಬೆರಳು ಚರ್ಮದ ಮೇಲೆ ಜಾರುವುದಿಲ್ಲ. ಚರ್ಮವೇ ಬೆರಳಿಗೆ ಅಂಟಿಕೊಂಡು ಒಳಗಿನ ಮೂಳೆಯ ಮೇಲೆ ಸರಿದಾಡುತ್ತದೆ. ಹಿಮ್ಮಡಿಯಲ್ಲಿ ನಡೆಯುವುದೂ ಇದೇ. ಚರ್ಮ ಕಾಲುಚೀಲಕ್ಕೆ ಅಂಟಿ ನಿಲ್ಲುತ್ತದೆ, ಮೂಳೆ ಒಳಗೆ ಮೇಲೆ ಕೆಳಗೆ ಆಡುತ್ತದೆ. ನಡುವೆ ಇರುವ ಪದರಗಳು ಎಳೆದಾಟಕ್ಕೆ ಸಿಕ್ಕಿ ಸಾವಿರಾರು ಸಲ ಜಗ್ಗಿ, ಕೊನೆಗೆ ಹೊರಚರ್ಮದ ಒಳಪದರ ಬಿಟ್ಟುಕೊಳ್ಳುತ್ತದೆ. ಆ ಬಿರುಕಿನೊಳಕ್ಕೆ ಸುತ್ತಲಿನಿಂದ ತಿಳಿನೀರು ಒಸರಿ ತುಂಬುತ್ತದೆ. ಬಾಣಲೆಯಲ್ಲಿ ಪೂರಿಯ ಎರಡು ಪದರಗಳು ಬಿಟ್ಟುಕೊಂಡು ಉಬ್ಬುತ್ತವಲ್ಲ, ಹಾಗೆ. ಮೇಲ್ಪದರ ದಪ್ಪವಾಗಿ ಗಟ್ಟಿಯಾಗಿರುವ ಅಂಗಾಲು, ಹಿಮ್ಮಡಿ, ಅಂಗೈಗಳಲ್ಲಿ ಉಜ್ಜಾಟದ ಬೊಬ್ಬೆ ಹೆಚ್ಚಾಗಿ ಏಳುವುದಕ್ಕೆ ಇದೇ ಕಾರಣ. ಚರ್ಮ ತೆಳ್ಳಗಿರುವ ಕಡೆ ಉಜ್ಜಿದರೆ ಬೊಬ್ಬೆಯಾಗದೆ ತರಚಿಹೋಗುತ್ತದೆ.

ಬೆವರು ಇದಕ್ಕೆ ಬಲವಾದ ಸಹಾಯಕ. ತೇವಗೊಂಡ ಚರ್ಮ ಒಣಚರ್ಮಕ್ಕಿಂತ ಹೆಚ್ಚಾಗಿ ಬಟ್ಟೆಗೆ ಅಂಟುತ್ತದೆ. ಹಿಮದಲ್ಲಿ ಬೆವರೆಲ್ಲಿ ಬಂತು ಎಂದು ಕೇಳುವವರು ಒಮ್ಮೆ ಪ್ಲಾಸ್ಟಿಕ್ ಬೂಟು ಹಾಕಿಕೊಂಡು ಗುಡ್ಡ ಹತ್ತಿ ನೋಡಬೇಕು. ಮೂಗಿನ ತುದಿ ಮರಗಟ್ಟಿರುತ್ತದೆ; ಕಾಲುಚೀಲವನ್ನು ಹಿಂಡಿದರೆ ನೀರು ಬರುತ್ತದೆ. ಹತ್ತಿಯ ಕಾಲುಚೀಲ ಆ ನೀರನ್ನು ಹೀರಿ ಹಿಡಿದುಕೊಂಡು ಕೂರುತ್ತದೆ. ಆದ್ದರಿಂದ ಹಿಮದಲ್ಲಿ ಹತ್ತಿ ಕೂಡದು. ಒಳಗೊಂದು ತೆಳುವಾದ ಚೀಲ, ಅದರ ಮೇಲೆ ಉಣ್ಣೆಯದು, ಹೀಗೆ ಎರಡು ಹಾಕಿಕೊಂಡರೆ ಜಾರಾಟ ಚರ್ಮದ ಪದರಗಳ ನಡುವೆ ನಡೆಯದೆ ಎರಡು ಚೀಲಗಳ ನಡುವೆ ನಡೆದುಹೋಗುತ್ತದೆ. ಜಗಳ ಮನೆಯೊಳಗೆ ಆಗುವ ಬದಲು ಬೀದಿಯಲ್ಲಾದರೆ ಮನೆಯ ಪಾತ್ರೆಗಳು ಉಳಿಯುತ್ತವೆ. ಆದರೆ ಬೂಟಿನಲ್ಲಿ ಎರಡು ಚೀಲಕ್ಕೆ ಜಾಗವಿರಬೇಕು. ಕಾಲನ್ನು ಒತ್ತುವ ಬೂಟಿಗೆ ಇನ್ನೊಂದು ಚೀಲ ತುರುಕುವುದರಿಂದ ಕೇಡೇ ಹೆಚ್ಚು.

ಬೆವರನ್ನೇ ನಿಲ್ಲಿಸಿಬಿಟ್ಟರೆ ಹೇಗೆ ಎಂದು ಅಮೆರಿಕದ ಸೈನ್ಯದವರು ಯೋಚಿಸಿದರು. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತರುಣ ಸೈನಿಕರಿಗೆ ಬೆವರು ತಡೆಯುವ ದ್ರಾವಣವನ್ನು ಕೊಟ್ಟು 21 ಕಿಲೋಮೀಟರು ನಡೆಸಿದರು. ಕನಿಷ್ಠ ಮೂರು ರಾತ್ರಿ ಅದನ್ನು ಹಚ್ಚಿಕೊಂಡವರಲ್ಲಿ ನೂರಕ್ಕೆ 21 ಮಂದಿಗೆ ಬೊಬ್ಬೆ ಎದ್ದರೆ, ಬರೀ ನೀರಿನಂಥದನ್ನು ಹಚ್ಚಿಕೊಂಡವರಲ್ಲಿ 48 ಮಂದಿಗೆ ಎದ್ದಿತು. ಗೆದ್ದೆವೆಂದು ಕುಣಿಯುವಂತಿಲ್ಲ, ಔಷಧ ಹಚ್ಚಿಕೊಂಡವರಲ್ಲಿ ನೂರಕ್ಕೆ 57 ಮಂದಿಗೆ ಪಾದವೆಲ್ಲ ಉರಿ, ತುರಿಕೆ! ಎಣ್ಣೆ, ವ್ಯಾಸಲೀನು ಸವರಿಕೊಳ್ಳುವವರೂ ಉಂಟು. ಅದು ಮೊದಲ ಗಂಟೆಯಲ್ಲಿ ಜಾರಿಸುತ್ತದೆ. ಆಮೇಲೆ ಚರ್ಮವನ್ನು ಮೆತ್ತಗಾಗಿಸಿ ಅಂಟಿಸುವುದರಿಂದ ಮೊದಲಿಗಿಂತ ಹೆಚ್ಚು ತೊಂದರೆ. ಇವೆಲ್ಲಕ್ಕಿಂತ ಅಗ್ಗದ ಉಪಾಯ ಆಸ್ಪತ್ರೆಗಳಲ್ಲಿ ಹತ್ತಿಯನ್ನು ಅಂಟಿಸಲು ಬಳಸುವ ಕಾಗದದ ಪಟ್ಟಿ. ಮರುಭೂಮಿಯೇ ಮೊದಲಾದ ಕಡೆಗಳಲ್ಲಿ 155 ಮೈಲಿ ಓಡುವ 128 ಓಟಗಾರರ ಪಾದದ ಕೆಲವು ಭಾಗಗಳಿಗೆ ಮಾತ್ರ ಈ ಪಟ್ಟಿ ಹಾಕಿ ಪರೀಕ್ಷಿಸಿದ ವರದಿ 2016ರಲ್ಲಿ ಹೊರಬಂದಿತು. ಪಟ್ಟಿಯಿದ್ದ ಜಾಗದಲ್ಲಿ 98 ಮಂದಿಗೆ ಬೊಬ್ಬೆಯೇ ಇಲ್ಲ. ಪಟ್ಟಿಯಿಲ್ಲದ ಜಾಗದಲ್ಲಿ 81 ಮಂದಿಗೆ ಎದ್ದಿತ್ತು.

ಇಷ್ಟೆಲ್ಲ ಶಾಸ್ತ್ರ ಸೋಲಂಗಿನಲ್ಲಿ ನಮಗೆ ಯಾರೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ನಾನು ಓದಿ ತಿಳಿದದ್ದು. ಅಲ್ಲಿ ನಮಗೆ ಕಲಿಸಿದವರು ಆ ಸೀಮೆಯವರೇ ಆದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಉಸ್ತಾದ್‌ಜಿ ಎಂದು ಕರೆಯುತ್ತಿದ್ದೆವು. ಅವರ ಪಾಠ ಚಿಕ್ಕದು. ಉಗುರು ಕತ್ತರಿಸು. ಚೀಲದ ಮಡಿಕೆ ಬಿಡಿಸು. ಬೂಟಿನ ನಡುವಿನ ಕೊಂಡಿಯನ್ನು ಬಿಗಿ, ಹಿಮ್ಮಡಿ ತನ್ನ ಗೂಡಿನಲ್ಲಿ ಕೂತಿರಲಿ. ಹತ್ತುವಾಗ ಮೇಲಿನ ಕೊಂಡಿಯನ್ನು ಸಡಿಲಿಸು, ಕಣಕಾಲು ಮುಂದೆ ಹಿಂದೆ ಆಡಲಿ. ಹಲಗೆಯನ್ನು ಎತ್ತಿಡಬೇಡ, ಹಿಮದ ಮೇಲೆ ಎಳೆದುಕೊಂಡು ಸಾಗು. ಗುಡ್ಡಕ್ಕೆ ನೇರವಾಗಿ ನುಗ್ಗಬೇಡ, ಓರೆಯಾಗಿ ಹತ್ತು. ದಾರಿ ಕಡಿದಾದಷ್ಟೂ ಹಿಮ್ಮಡಿಗೆ ಎಳೆತ ಹೆಚ್ಚು. ರಾತ್ರಿ ಒಣಚೀಲ ಹಾಕಿಕೊಂಡು ಮಲಗು. ಎಲ್ಲಕ್ಕೂ ಕೊನೆಗೆ, ದಿನವೂ ತಪ್ಪದೆ ಒಂದು ಮಾತು: “ಕಾಲು ಬಿಸಿಯಾಯಿತೆ, ಕೂಗು.”

ಈ ಬಿಸಿಯ ವಿಷಯವೇ ಮುಖ್ಯವಾದದ್ದು. ಬೊಬ್ಬೆ ಏಳುವ ಮುಂಚೆ ಆ ಜಾಗ ಕಾವೇರುತ್ತದೆ, ಕೆಂಪಾಗುತ್ತದೆ, ಸಣ್ಣಗೆ ಉರಿಯುತ್ತದೆ. ಹೊಸ ಚಪ್ಪಲಿ ಕಚ್ಚಿತು ಎಂದು ನಾವು ಹೇಳುವುದುಂಟು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಬೂಟಿನ ವಿಷಯದಲ್ಲಿ ಸುಳ್ಳು. ಅದು ಮೊದಲು ಬೊಗಳುತ್ತದೆ, ಆಮೇಲೆ ಕಚ್ಚಿಯೇ ಕಚ್ಚುತ್ತದೆ. ಬೊಗಳಿದಾಗಲೇ ನಿಂತು, ಬೂಟು ಬಿಚ್ಚಿ, ಕಾಲೊರಸಿ ಪಟ್ಟಿ ಹಾಕಿದರೆ ಐದು ನಿಮಿಷದ ಕೆಲಸ.

ನಮ್ಮ ಶಿಬಿರದಲ್ಲಿ ಹನ್ನೆರಡು ಮಂದಿ ಇದ್ದೆವು. ಕೊನೆಯ ಮೂರು ದಿನ ಸೋಲಂಗಿನಿಂದ ಧುಂಡಿಗೆ ಹೋಗಿ, ಅಲ್ಲಿ ಡೇರೆ ಹಾಕಿ, ಮರುದಿನ ಬಕರ್ ಥಾಚ್ ಎಂಬ ಹುಲ್ಲುಗಾವಲನ್ನು ಮುಟ್ಟಿ ಬರುವುದೆಂದು ಗೊತ್ತಾಗಿತ್ತು. ಬೇಸಿಗೆಯಲ್ಲಿ ಕುರಿ ಮೇಕೆಗಳು ಮೇಯುವ ಆ ಜಾಗ ಆಗ ಹಿಮದಡಿಯಲ್ಲಿತ್ತು. ಹೊರಟು ಕಾಲು ಗಂಟೆಯೂ ಆಗಿರಲಿಲ್ಲ, ಧಾರವಾಡದ ಕಡೆಯ ಒಬ್ಬ ಹುಡುಗಿ, “ಉಸ್ತಾದ್‌ಜಿ, ಕಾಲು ಬಿಸಿ!” ಎಂದು ಕೂಗಿದಳು. ಇಡೀ ಸಾಲು ನಿಂತಿತು. ಆಕೆ ಹಿಮದ ಮೇಲೆ ಕೂತು, ಬೂಟಿನ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಹಿಮ್ಮಡಿಗೆ ಪಟ್ಟಿ ಅಂಟಿಸಿಕೊಂಡಳು. ಹಿಂದಿನಿಂದ ಯಾರೋ ಗೊಣಗಿದರು, ಯಾರೋ ನಕ್ಕರು. ನನ್ನ ಗೆಳೆಯ ನನ್ನ ಕಿವಿಯಲ್ಲಿ, “ಇನ್ನೂ ಸೋಲಂಗ್ ದಾಟಿಲ್ಲವಲ್ಲೋ, ಆಗಲೇ ಶುರುವಾಯಿತು” ಎಂದ.

ಈ ಗೆಳೆಯನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಂಚಿಕೆಯನ್ನು ಅವನೂ ಓದುತ್ತಾನೆ. ಕಥೆಯನ್ನು ಬರೆಯಲು ಅವನ ಅಪ್ಪಣೆಯಿದೆ. ಆಳು ಕಬಡ್ಡಿಯಲ್ಲಿ ಹೆಸರು ಮಾಡಿದವನು. ಬೇಸಿಗೆಯ ಬಿಸಿಲಿನಲ್ಲಿ ಕೆರೆಯ ಏರಿಯ ಮೇಲೆ ಬರಿಗಾಲಿನಲ್ಲಿ ಓಡುವವನು. ಅವನ ಪಾಲಿಗೆ ಬಂದದ್ದು ಬಾಡಿಗೆಯ ಬೂಟು, ಹಿಮ್ಮಡಿಯ ಕಡೆ ಸ್ವಲ್ಪ ಸಡಿಲ. ಅಂದು ಮಧ್ಯಾಹ್ನದ ಹೊತ್ತಿಗೇ ಅವನ ಬಲಹಿಮ್ಮಡಿ ಕಾವೇರಿತ್ತಂತೆ. ಪಂಜಾಬಿನವರೂ ಮಹಾರಾಷ್ಟ್ರದವರೂ ಇದ್ದ ಗುಂಪಿನಲ್ಲಿ ಕನ್ನಡದ ಮಾನ ತನ್ನ ಹಿಮ್ಮಡಿಯ ಮೇಲೇ ನಿಂತಿದೆ ಎಂದು ಅವನು ತಿಳಿದ. ಹಲ್ಲು ಕಚ್ಚಿಕೊಂಡು ಸಂಜೆಯವರೆಗೂ ನಡೆದ. ನಾನು ಸಾಲಿನ ಮುಂದಿದ್ದವನು, ಡೇರೆಯೊಳಗೆ ಬೂಟು ಬಿಚ್ಚುವಾಗ ಅವನು ತುಟಿ ಕಚ್ಚಿದ್ದನ್ನು ನೋಡಿ, “ಏನಾಯಿತೋ?” ಎಂದೆ. “ಏನಿಲ್ಲ, ಮಲಗೋ” ಎಂದ. ಲಾಟೀನು ಹತ್ತಿರ ತಂದು ನೋಡಿದರೆ ಕಾಲುಚೀಲ ಹಿಮ್ಮಡಿಗೆ ಅಂಟಿಕೊಂಡಿದೆ. ಐದು ರೂಪಾಯಿ ನಾಣ್ಯದಷ್ಟು ಅಗಲದ ಬೊಬ್ಬೆ ಉಬ್ಬಿ ಹೊಳೆಯುತ್ತಿದೆ.

ಉಸ್ತಾದ್‌ಜಿ ಬಂದರು. ಬೈಯಲಿಲ್ಲ. ಬೆಚ್ಚನೆಯ ನೀರಿನಿಂದ ಚೀಲವನ್ನು ನೆನೆಸಿ ಬಿಡಿಸಿದರು. ತಮ್ಮ ಕೈಯನ್ನೂ ಅವನ ಹಿಮ್ಮಡಿಯನ್ನೂ ಸೋಪಿನಿಂದ ತೊಳೆದು, ಸ್ಪಿರಿಟ್ಟಿನಲ್ಲಿ ಅದ್ದಿದ ಸೂಜಿಯಿಂದ ಬೊಬ್ಬೆಯ ಅಂಚಿನಲ್ಲಿ, ಕೆಳಗಡೆ, ಎರಡು ಕಡೆ ಚುಚ್ಚಿ ನೀರನ್ನು ಮೆಲ್ಲಗೆ ಒತ್ತಿ ತೆಗೆದರು. ಮೇಲಿನ ಚರ್ಮವನ್ನು ಕೀಳಲಿಲ್ಲ. “ದೇವರು ಕೊಟ್ಟ ಪಟ್ಟಿ ಇದು, ಇದಕ್ಕಿಂತ ಒಳ್ಳೆಯದು ನನ್ನ ಪೆಟ್ಟಿಗೆಯಲ್ಲಿಲ್ಲ” ಎಂದರು. ಆ ಮಾತು ಸತ್ಯವೆಂದು 1968ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಪ್ರಯೋಗ ತೋರಿಸಿದೆ. ಮೊದಲ ದಿನದಲ್ಲಿ ಮೂರು ಬಾರಿ ನೀರು ತೆಗೆದಾಗ ಮೇಲ್ಚರ್ಮ ತನ್ನ ಜಾಗದಲ್ಲಿ ಚೆನ್ನಾಗಿ ಕೂತುಕೊಳ್ಳುತ್ತಿತ್ತು. ಆಮೇಲೆ ದಪ್ಪನೆಯ ಬಟ್ಟೆಯ ತುಂಡನ್ನು ಉದ್ದಿನ ವಡೆಯಂತೆ ನಡುವೆ ತೂತು ಮಾಡಿ ಕತ್ತರಿಸಿ, ಬೊಬ್ಬೆ ಆ ತೂತಿನೊಳಗೆ ಬರುವ ಹಾಗೆ ಅಂಟಿಸಿ, ಮೇಲೊಂದು ಪಟ್ಟಿ ಹಾಕಿದರು. ಬೂಟಿನ ಒತ್ತಡ ವಡೆಯ ಮೇಲೆ ಬೀಳುತ್ತದೆ, ಗಾಯದ ಮೇಲೆ ಬೀಳುವುದಿಲ್ಲ.

ನಮ್ಮ ಕಡೆ ಧರ್ಮಸ್ಥಳಕ್ಕೋ ಮಲೆ ಮಹದೇಶ್ವರನ ಬೆಟ್ಟಕ್ಕೋ ಕಾಲ್ನಡೆಯಲ್ಲಿ ಹೋಗುವವರು ಬೊಬ್ಬೆಗೆ ಸೂಜಿಯಿಂದ ದಾರ ಪೋಣಿಸಿ ಹಾಗೆಯೇ ಬಿಡುವುದುಂಟು. ನೀರೇನೋ ಒಸರಿ ಹೋಗುತ್ತದೆ. ಆದರೆ ಅದೇ ದಾರ ಹಿಡಿದು ಧೂಳೂ ಕ್ರಿಮಿಯೂ ಒಳಗೆ ಹೋಗುತ್ತವೆ. ನೋವಿಲ್ಲದ ಸಣ್ಣ ಬೊಬ್ಬೆಯನ್ನು ಚುಚ್ಚದೆ ಬಿಡುವುದೇ ಲೇಸು. ಐದಾರು ದಿನದಲ್ಲಿ ಅಡಿಯಲ್ಲಿ ಹೊಸ ಚರ್ಮ ಬರುತ್ತದೆ. ಸಕ್ಕರೆ ಕಾಯಿಲೆಯವರು ಮಾತ್ರ ತಾವೇ ಸೂಜಿ ಹಿಡಿಯಕೂಡದು, ವೈದ್ಯರಲ್ಲಿಗೆ ಹೋಗಬೇಕು. ಹಿಮಕಡಿತದಿಂದ, ಅಂದರೆ ಮಾಂಸವೇ ಹೆಪ್ಪುಗಟ್ಟಿದ್ದರಿಂದ ಏಳುವ ಬೊಬ್ಬೆಯ ಜಾತಿಯೇ ಬೇರೆ. ಅದನ್ನು ಚುಚ್ಚಬಾರದು, ತಿಕ್ಕಬಾರದು. ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕು.

ಒಂದು ಬೊಬ್ಬೆಗೆ ಇಷ್ಟೊಂದು ಸಂಭ್ರಮವೇ ಎಂದು ನಗುವವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1924ರ ಜೂನ್ 30ರಂದು ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಅವರ ಕಿರಿಯ ಮಗ ಶ್ವೇತಭವನದ ಅಂಗಳದಲ್ಲಿ ಕಾಲುಚೀಲವಿಲ್ಲದೆ ಬೂಟು ತೊಟ್ಟು ಟೆನಿಸ್ ಆಡಿದ. ಕಾಲ್ಬೆರಳಿನ ಮೇಲೆ ಬೊಬ್ಬೆಯೆದ್ದಿತು. ಅವನಾಗಲಿ ಮನೆಯವರಾಗಲಿ ಅದನ್ನು ದೊಡ್ಡದೆಂದು ಬಗೆಯಲಿಲ್ಲ. ಕ್ರಿಮಿಗಳು ಅಲ್ಲಿಂದ ರಕ್ತಕ್ಕೆ ಇಳಿದವು. ಜುಲೈ 7ರಂದು, 16 ವರ್ಷದ ಆ ಹುಡುಗ ತೀರಿಕೊಂಡ. ಪೆನಿಸಿಲಿನ್ ಕಂಡುಹಿಡಿದದ್ದು 1928ರಲ್ಲಿ. ಅದು ರೋಗಿಗಳ ಕೈಗೆ ಬಂದದ್ದು 1940ರ ದಶಕದಲ್ಲಿ. ಈಗ ಔಷಧವಿದೆ, ನಿಜ. ಆದರೂ ಬೊಬ್ಬೆಯ ಸುತ್ತ ಕೆಂಪು ಹರಡಿದರೆ, ಕೀವಾದರೆ, ಕೆಂಪುಗೆರೆ ಕಾಲಿನ ಮೇಲಕ್ಕೆ ಏರಿದರೆ, ಜ್ವರ ಬಂದರೆ ತಡಮಾಡದೆ ವೈದ್ಯರ ಬಳಿಗೆ ಓಡಬೇಕು.

ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ಅಮುಂಡ್‌ಸನ್ನನ ತಂಡವೂ ಹಿಮ್ಮಡಿಗೆ ತಲೆಬಾಗಿದ ತಂಡವೇ. ಧ್ರುವದ ದೀರ್ಘರಾತ್ರಿಯಲ್ಲಿ ಅವರು ಗುಡಿಸಲಿನಲ್ಲಿ ಕೂತು ಬೂಟುಗಳನ್ನು ಬಿಚ್ಚಿ ಹೊಲಿದರು, ಮತ್ತೆ ಬಿಚ್ಚಿ ಹೊಲಿದರು. 1911ರ ಸೆಪ್ಟೆಂಬರಿನಲ್ಲಿ ಅವಸರದಿಂದ ಹೊರಟು, ಕಡುಚಳಿಗೆ ಸೋತು ಹಿಂದಿರುಗಿದಾಗ ಅವರಲ್ಲಿ ಮೂವರ ಹಿಮ್ಮಡಿಗಳು ಹಿಮಕಡಿತಕ್ಕೆ ಸಿಕ್ಕಿದ್ದವು. ಮತ್ತೆ ಬೂಟು ತಿದ್ದಿಕೊಂಡು ಅಕ್ಟೋಬರಿನಲ್ಲಿ ಹೊರಟರು; ಡಿಸೆಂಬರ್ 14ರಂದು ಐವರು ಧ್ರುವವನ್ನು ಮುಟ್ಟಿದರು. ಚರಿತ್ರೆಯ ಪುಸ್ತಕಗಳಲ್ಲಿ ಧ್ವಜದ ಚಿತ್ರ ಅಚ್ಚಾಗುತ್ತದೆ. ಬೂಟಿನ ಹೊಲಿಗೆಯನ್ನು ಯಾರೂ ನೆನೆಯುವುದಿಲ್ಲ.

ಮರುದಿನ ಬೆಳಗ್ಗೆ ನಾವು ಬಕರ್ ಥಾಚಿಗೆ ಹೋಗಲಿಲ್ಲ. ದಾರಿಯಲ್ಲಿ ಒಂದು ಕಡಿದಾದ ಇಳಿಜಾರಿತ್ತು. ಬಿಸಿಲೇರಿ ಹಿಮ ಸಡಿಲವಾಗುವುದಕ್ಕೆ ಮುಂಚೆ, ಚಳಿಗೆ ಅದು ಗಟ್ಟಿಯಾಗಿರುವಾಗಲೇ, ಅದರ ಅಡಿಯನ್ನು ದಾಟಿಬಿಡಬೇಕು. ಹೊತ್ತು ಮೀರಿದರೆ ಹಿಮ ಕುಸಿಯುವ ಭಯ. ಕುಂಟುವವನೊಬ್ಬನಿದ್ದರೆ ಆ ಹೊತ್ತಿಗೆ ದಾಟಲಾಗದು. ಅವನೊಬ್ಬನನ್ನೇ ಡೇರೆಯಲ್ಲಿ ಬಿಟ್ಟು ಹೋಗುವಂತೆಯೂ ಇಲ್ಲ. ಉಸ್ತಾದ್‌ಜಿ ಹನ್ನೆರಡು ಮಂದಿಯನ್ನೂ ಹಿಂದಕ್ಕೆ ತಿರುಗಿಸಿದರು. ಗೆಳೆಯ ಕಣ್ಣು ತಗ್ಗಿಸಿ, “ನಾನು ನಡೆಯುತ್ತೇನೆ, ನೋವು ನನ್ನ ಕಾಲಿಗೆ ತಾನೇ” ಎಂದ. ಅದಕ್ಕೆ ಅವರು, “ಬೆಟ್ಟದಲ್ಲಿ ನಿನ್ನ ಕಾಲು ನಿನ್ನದೊಬ್ಬನದಲ್ಲ, ಮಗು. ಎಲ್ಲರದು” ಎಂದರು. ಹಿಮ್ಮಡಿಯನ್ನು ಹಲಗೆಗೆ ಬಿಗಿದು ಇಳಿಯುವಾಗ ಉಜ್ಜಾಟ ಕಡಿಮೆ. ಅವನು ಹೆಚ್ಚು ನೋವಿಲ್ಲದೆ ಸೋಲಂಗಿಗೆ ಬಂದ. ಹಿಂದಿನ ದಿನ ಕೂಗಿ ಸಾಲನ್ನು ನಿಲ್ಲಿಸಿದ್ದ ಧಾರವಾಡದ ಹುಡುಗಿಯ ಹಿಮ್ಮಡಿಯಲ್ಲಿ ಒಂದು ಕೆಂಪು ಕಲೆಯೂ ಇರಲಿಲ್ಲ.

ನಾನು ಆಮೇಲೆ ಈ ವಿಷಯವನ್ನು ಬಹಳ ಸಲ ಯೋಚಿಸಿದ್ದೇನೆ. ನನ್ನ ಗೆಳೆಯನಲ್ಲಿ ಶಕ್ತಿಗೆ ಕೊರತೆಯಿರಲಿಲ್ಲ, ಸಹನೆಗೂ ಕೊರತೆಯಿರಲಿಲ್ಲ. ಸಹನೆ ಹೆಚ್ಚಾದದ್ದೇ ಕಷ್ಟವಾಯಿತು. ಚಿಕ್ಕಂದಿನಿಂದ ನಮಗೆ ನೋವನ್ನು ನುಂಗುವುದನ್ನು ಕಲಿಸುತ್ತಾರೆ. ಗಂಡಸಾಗಿ ಅಳುವುದೇ ಎನ್ನುತ್ತಾರೆ, ಇಷ್ಟಕ್ಕೆಲ್ಲ ಬೊಬ್ಬೆ ಹಾಕುವುದೇ ಎನ್ನುತ್ತಾರೆ. ದೊಡ್ಡ ನೋವನ್ನು ನುಂಗುವುದು ಧೀರರ ಲಕ್ಷಣವಿರಬಹುದು. ಐದು ನಿಮಿಷದಲ್ಲಿ ವಾಸಿಯಾಗುವ ನೋವನ್ನು ನುಂಗಿ ದೊಡ್ಡದು ಮಾಡಿಕೊಳ್ಳುವುದು ಯಾರ ಲಕ್ಷಣವೋ ನಾನರಿಯೆ. ನಮ್ಮ ಹಾಸ್ಟೆಲಿನಲ್ಲೂ ಇಂಥ ಹಿಮ್ಮಡಿಗಳು ಬೇಕಾದಷ್ಟಿವೆ. ಊಟದ ಬಾಕಿ ಏರುತ್ತಿದ್ದರೂ ಬಾಯಿ ಬಿಡದವರಿದ್ದಾರೆ; ಮೊದಲ ತಿಂಗಳಲ್ಲೇ ಪಾಠ ಅರ್ಥವಾಗದಿದ್ದರೂ ನಾಚಿಕೆಯಿಂದ ಪರೀಕ್ಷೆಯವರೆಗೆ ತಲೆಯಾಡಿಸಿಕೊಂಡು ಕೂತವರಿದ್ದಾರೆ; ಒಂದು ದಿನ ಹೇಳದೆ ಕೇಳದೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋದವರೂ ಇದ್ದಾರೆ. ಅವರಲ್ಲಿ ಎಷ್ಟು ಮಂದಿಗೆ ಕಾಲು ಬಿಸಿಯಾದಾಗಲೇ ಒಂದು ಕೂಗು ಸಾಕಾಗಿತ್ತೋ! ಕೂಗಿದವರನ್ನು ಕಂಡು ನಗದಿರುವ ಕೆಲಸ ಸಾಲಿನಲ್ಲಿರುವ ಉಳಿದವರದು.

ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಬೆಟ್ಟಕ್ಕೆ ಹೋಗುವ ಸ್ನೇಹಿತರಿಗೆ ನಾನು ಹೇಳುವುದೂ ಇಷ್ಟೇ. ಬೂಟನ್ನು ಅದೇ ಚೀಲ ಹಾಕಿಕೊಂಡು, ಕಾಲು ಸ್ವಲ್ಪ ಊದಿರುವ ಸಂಜೆಯ ಹೊತ್ತಿನಲ್ಲಿ ತೊಟ್ಟು ನೋಡಿ. ಕಾಗದದ ಪಟ್ಟಿ, ಸೂಜಿ, ಸ್ಪಿರಿಟ್ಟು, ಒಂದು ಜೊತೆ ಒಣಚೀಲ ಚೀಲದ ಮೇಲ್ಭಾಗದಲ್ಲಿರಲಿ, ಅಡಿಯಲ್ಲಿ ಬೇಡ. ಕಾಲು ಬಿಸಿಯಾದರೆ ಸಂಕೋಚಪಡದೆ ಬೊಬ್ಬೆ ಹಾಕಿ. ಸಾಲು ಐದು ನಿಮಿಷ ನಿಲ್ಲುತ್ತದೆ, ನಿಂತರೆ ನಿಲ್ಲಲಿ.